ಹಾವು ಕಡಿತದ ತಿಳಿವಳಿಕೆಗೆ ದುಡ್ಡು ಎಲ್ಲಿಂದ ತರುವುದು: ಹಳ್ಳಿ ಸಂಘಗಳಿಗೆ ಒಂದು ದಾರಿ

ಮಹಿಳಾ ಮಂಡಲದವರು, ಯುವಕ ಸಂಘದವರು, ಸ್ವಸಹಾಯ ಗುಂಪಿನವರು ನನ್ನ ಹತ್ತಿರ ಬಂದು ಕೇಳುವುದು ಒಂದೇ ಮಾತು. "ಸಿಸ್ಟರ್, ಊರಲ್ಲಿ ಆರೋಗ್ಯದ ಕಾರ್ಯಕ್ರಮ ಮಾಡಬೇಕು, ದುಡ್ಡು ಯಾರು ಕೊಡ್ತಾರೆ?" ನಾನು ತಿರುಗಿ ಕೇಳುವುದೂ ಒಂದೇ. "ಆರೋಗ್ಯ ಅಂದ್ರೆ ಯಾವುದು? ಯಾರಿಗೆ ಏನಾಗ್ತಿದೆ?"

"ಗ್ರಾಮೀಣ ಆರೋಗ್ಯ ಜಾಗೃತಿ" ಅಂತ ತಲೆಬರಹ ಹಾಕಿದ ಅರ್ಜಿ ಎಲ್ಲ ಕಚೇರಿಯಲ್ಲೂ ರಾಶಿ ಬಿದ್ದಿರುತ್ತದೆ. ಅದೇ ನೀವು "ನಮ್ಮ ಮೂರು ಪಂಚಾಯಿತಿಯಲ್ಲಿ ಹಾವು ಕಚ್ಚಿದವರು ಎಲ್ಲೂ ಹೊತ್ತು ಕಳೆಯದೆ ನೇರ ತಾಲ್ಲೂಕು ಆಸ್ಪತ್ರೆಗೆ ಬರುವ ಹಾಗೆ ಮಾಡುತ್ತೇವೆ" ಅಂತ ಬರೆದರೆ, ಓದುವವರು ಎರಡನೇ ಪುಟಕ್ಕೆ ಹೋಗುತ್ತಾರೆ. ಒಂದು ತೊಂದರೆ, ಇಷ್ಟೇ ಊರು, ಇಂಥದ್ದೇ ಬದಲಾವಣೆ. ಇಷ್ಟು ಗಟ್ಟಿಯಾದರೆ ಅರ್ಧ ಅರ್ಜಿ ಬರೆದ ಹಾಗೆ.

ನಾನು ಸಾಗರ, ಹೊಸನಗರ ಕಡೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ಸಂಘಗಳ ಜೊತೆ ಕೂತು ಅರ್ಜಿ ಬರೆಸುತ್ತೇನೆ. ಇಲ್ಲಿ ಹಾವು ಕಡಿತವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಮಂಗನ ಕಾಯಿಲೆ, ಔಷಧಿ ಹೊಡೆಯುವಾಗ ಆಗುವ ವಿಷಬಾಧೆ, ಅಡಿಕೆ ಮರದಿಂದ ಬೀಳುವುದು, ಇವುಗಳ ತಿಳಿವಳಿಕೆಗೆ ದುಡ್ಡು ಕೇಳುವುದಕ್ಕೂ ದಾರಿ ಇದೇ.

ಹಾವು ಕಡಿತವನ್ನೇ ಆರಿಸಿದ್ದಕ್ಕೆ ಕಾರಣ ಇದೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ವರ್ಷಕ್ಕೆ ಸರಾಸರಿ 58 ಸಾವಿರ ಜೀವ. ಹೆಚ್ಚಿನವರು ಹಳ್ಳಿಯವರು, ಹೊಲ ಗದ್ದೆ ತೋಟದಲ್ಲಿ ದುಡಿಯುವವರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ಕಡೆಗಣಿಸಿದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಮರು ತಿಂಗಳೇ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಯಾ ಯೋಜನೆ ತಂದಿತು. 2030ರ ಹೊತ್ತಿಗೆ ಸಾವನ್ನು ಅರ್ಧಕ್ಕೆ ಇಳಿಸಬೇಕು ಅನ್ನುವುದು ಅದರ ಗುರಿ. ಈ ನಾಲ್ಕೈದು ಸಾಲು ನಿಮ್ಮ ಅರ್ಜಿಯ ಮೊದಲ ಪುಟದಲ್ಲಿ ಇರಲಿ. ನೀವು ಮಾಡಹೊರಟಿದ್ದು ಸರ್ಕಾರದ ಗುರಿಗೂ ಹೊಂದುತ್ತದೆ ಅಂತ ಕಂಡರೆ ದುಡ್ಡು ಕೊಡುವವರಿಗೆ ಧೈರ್ಯ ಬರುತ್ತದೆ. ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ದೇಶದ ಲೆಕ್ಕ ಎಲ್ಲರಿಗೂ ಸಿಗುತ್ತದೆ, ನಿಮ್ಮ ಊರಿನ ಲೆಕ್ಕ ನಿಮಗೆ ಮಾತ್ರ ಸಿಗುತ್ತದೆ.

ಮೊದಲು ಊರಿನ ಲೆಕ್ಕ

ಸಂಘದ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆದುಕೊಂಡು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಿ. ವರದಿ ಕಡ್ಡಾಯ ಆದ ಮೇಲೆ ಹಾವು ಕಡಿತದ ಲೆಕ್ಕ ಆಸ್ಪತ್ರೆಗಳಿಂದ ಇಲಾಖೆಗೆ ಹೋಗುತ್ತದೆ. ಕಳೆದ ವರ್ಷ ಎಷ್ಟು ಜನ ಬಂದರು, ಯಾವ ತಿಂಗಳು ಜಾಸ್ತಿ, ಎಷ್ಟು ಜನರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿದರು, ಎಷ್ಟು ಜನ ತೀರಿಕೊಂಡರು, ಇಷ್ಟು ಕೇಳಿ. ರೋಗಿಗಳ ಹೆಸರು ಕೇಳಬೇಡಿ. ಅದು ನಿಮಗೆ ಬೇಕಾಗಿಯೂ ಇಲ್ಲ, ಕೇಳಿದರೆ ಕಚೇರಿಯವರು ಹಿಂಜರಿಯುತ್ತಾರೆ.

ಆಮೇಲೆ ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆಗೆ ಹೋಗಿ. ಐದೇ ಪ್ರಶ್ನೆ ಸಾಕು. ಮನೆಯಲ್ಲಿ, ಅಕ್ಕಪಕ್ಕದಲ್ಲಿ ಯಾರಿಗಾದರೂ ಹಾವು ಕಚ್ಚಿತ್ತಾ? ಆಗ ಏನು ಕೆಲಸ ಮಾಡ್ತಿದ್ದರು? ಮೊದಲು ಎಲ್ಲಿಗೆ ಕರೆದುಕೊಂಡು ಹೋದಿರಿ? ಆಸ್ಪತ್ರೆ ಸೇರುವ ಹೊತ್ತಿಗೆ ಎಷ್ಟು ಹೊತ್ತಾಗಿತ್ತು? ನಾಳೆ ಕಚ್ಚಿದರೆ ಏನು ಮಾಡ್ತೀರಿ? ಉತ್ತರ ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.

ಈ ಐದು ಪ್ರಶ್ನೆಯಿಂದ ಏನೇನು ಹೊರಗೆ ಬರುತ್ತದೆ ಗೊತ್ತಾ? ನಮ್ಮ ಕಡೆ ಹೆಂಗಸರು ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ತರುತ್ತಾರೆ. ಬರಿಗೈಯಲ್ಲಿ ಬಾಚಿ ಹಗ್ಗದ ಬಲೆಗೆ ತುಂಬುತ್ತಾರೆ. ಆ ಒಣ ಎಲೆಯ ಅಡಿಯಲ್ಲೇ ಹಾವು, ಅದರಲ್ಲೇ ಉಣುಗು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಕಾಯಿಲೆ ಅದು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಜನ ಪಟ್ಟ ಪಾಡು ಇನ್ನೂ ಕಣ್ಣ ಮುಂದಿದೆ. ಹಾಗಾಗಿ ಕೈಗವಸು, ಗಂಬೂಟು ಅಂತ ಬಜೆಟ್‌ನಲ್ಲಿ ಹಾಕಿದರೆ ಅದು ಎರಡು ಕಾಯಿಲೆಗೆ ಉತ್ತರ. ಬೆಳಗಿನ ಜಾವ ಬೆಳಕಿಲ್ಲದೆ ಕೊಟ್ಟಿಗೆಗೆ ಹೋಗುವುದು, ಕಟ್ಟಿಗೆ ರಾಶಿಗೆ ಕೈ ಹಾಕುವುದು, ನೆಲದ ಮೇಲೆ ಸೊಳ್ಳೆಪರದೆ ಇಲ್ಲದೆ ಮಲಗುವುದು, ಇವೆಲ್ಲ ಮನೆ ಭೇಟಿಯಲ್ಲೇ ಗೊತ್ತಾಗುವುದು. ಕಟ್ಟುಹಾವು ರಾತ್ರಿ ಮಲಗಿದವರಿಗೆ ಕಚ್ಚುತ್ತದೆ. ನೋವೂ ಅಷ್ಟಿಲ್ಲ, ಗಾಯವೂ ಕಾಣುವುದಿಲ್ಲ. ಬೆಳಿಗ್ಗೆ ಕಣ್ಣು ರೆಪ್ಪೆ ಜೋತು ಬಿದ್ದಾಗಲೇ ತಿಳಿಯುವುದು. ಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಿದರೆ ಇದು ತಪ್ಪುತ್ತದೆ. ನಿಮ್ಮ ಊರಿನಲ್ಲಿ ಜಾಸ್ತಿ ಕಚ್ಚುವುದು ಎಲ್ಲಿ, ಯಾವ ಹೊತ್ತಿಗೆ ಅಂತ ಗೊತ್ತಾದರೆ ಏನು ಕಲಿಸಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹತ್ತಿರದ ದುಡ್ಡು ಮೊದಲು

ಎಲ್ಲರೂ ಮೊದಲೇ ಬೆಂಗಳೂರಿನ ಕಂಪನಿ ಹೆಸರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಮೊದಲ ಹತ್ತು ಸಾವಿರ ಊರಿನಲ್ಲೇ ಹುಟ್ಟಲಿ.

ಪ್ರತಿ ಊರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಅಂತ ಇರಬೇಕು. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಇದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ, ಅಂದರೆ ಊರಿನ ಅಗತ್ಯ ನೋಡಿ ಬಳಸಬಹುದಾದ ದುಡ್ಡು ಇದೆ. ಪಂಚಾಯಿತಿ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸಭೆ ಕರೆಯುವವರು. ಆಶಾ ಹತ್ತಿರ ಕೂತು ಪಾಸ್‌ಬುಕ್ ನೋಡಿ, ಸಭೆ ಕರೆಸಿ, ನಿರ್ಣಯ ಬರೆಸಿ. ನಾಲ್ಕು ಊರಿನ ಸಮಿತಿ ತಲಾ ಎರಡು ಮೂರು ಸಾವಿರ ಕೊಟ್ಟರೂ ಮೊದಲ ಸುತ್ತಿನ ಸಭೆಗಳು ಮುಗಿಯುತ್ತವೆ.

ಇನ್ನೊಂದು ಗ್ರಾಮ ಪಂಚಾಯಿತಿ. ಮುಂದಿನ ವರ್ಷದ ಯೋಜನೆ ತಯಾರಾಗುವುದು ಅಕ್ಟೋಬರ್ 2ರಿಂದ ಜನವರಿ ಕೊನೆಯವರೆಗಿನ ಅಭಿಯಾನದಲ್ಲಿ. ಪಂಚಾಯಿತಿಗೆ ಕೊಟ್ಟ ಒಂಬತ್ತು ಗುರಿಗಳಲ್ಲಿ 'ಆರೋಗ್ಯಕರ ಗ್ರಾಮ' ಅನ್ನುವುದೂ ಒಂದು. ನಿಮ್ಮ ಬೇಡಿಕೆ ಮೊದಲು ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮ ಸಭೆಯಲ್ಲಿ ನಡಾವಳಿ ಪುಸ್ತಕಕ್ಕೆ ಬರಬೇಕು. ಪಿಡಿಒ ಹತ್ತಿರ ಬಾಯಿಮಾತಿನಲ್ಲಿ ಹೇಳಿ ಬಂದರೆ ಸಾಲದು. ಸಭೆ ಮುಗಿಯುವ ಮೊದಲು "ನಮ್ಮ ವಿಷಯ ಬರೆದಿರಾ? ಒಮ್ಮೆ ಓದಿ" ಅಂತ ಕೇಳಿ. ಮಕ್ಕಳ ಗ್ರಾಮ ಸಭೆಯಲ್ಲಿ ಶಾಲೆ ಹುಡುಗರೇ "ನಮ್ಮ ಶಾಲೆಯ ದಾರಿಯ ಪೊದೆ ಕಡಿಸಿ, ಬೀದಿದೀಪ ಹಾಕಿಸಿ" ಅಂತ ಕೇಳಿದರೆ ಇನ್ನೂ ಒಳ್ಳೆಯದು. ಪೊದೆ ಕಡಿಸುವುದು, ದೀಪ ಹಾಕಿಸುವುದು ಪಂಚಾಯಿತಿಯ ಕೆಲಸ. ಅದಕ್ಕೆ ಕಂಪನಿಯ ಹತ್ತಿರ ದುಡ್ಡು ಕೇಳಬಾರದು. ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಕೋಣೆ, ಮೈಕು, ಪ್ರೊಜೆಕ್ಟರ್ ಇದ್ದರೆ ಅದನ್ನೂ ಪಂಚಾಯಿತಿಯಿಂದಲೇ ಪಡೆಯಿರಿ.

ಮಲೆನಾಡಿನಲ್ಲಿ ಅಡಿಕೆ ಸೊಸೈಟಿಗಳಿವೆ, ಬೇರೆ ಕಡೆ ಹಾಲಿನ ಡೇರಿ, ಪತ್ತಿನ ಸಂಘಗಳಿವೆ. ಲಾಭದಲ್ಲಿ ಸ್ವಲ್ಪ ಭಾಗ ಊರಿನ ಕೆಲಸಕ್ಕೆ ಕೊಡುವ ರೂಢಿ ಹಲವು ಕಡೆ ಇದೆ. ವಾರ್ಷಿಕ ಮಹಾಸಭೆಗೆ ಮೊದಲೇ ಆಡಳಿತ ಮಂಡಳಿಗೆ ಪತ್ರ ಕೊಡಿ. ದುಡ್ಡಿನ ಬದಲು ಟಾರ್ಚ್, ಗಂಬೂಟು ಸಗಟು ದರದಲ್ಲಿ ತರಿಸಿ ಕೊಡಿ ಅಂದರೂ ಆಗುತ್ತದೆ. ರೋಟರಿ, ಲಯನ್ಸ್ ಕ್ಲಬ್‌ಗಳನ್ನೂ ಕೇಳಿ. ರೋಟರಿಯ ಜಾಗತಿಕ ಅನುದಾನಕ್ಕೆ ಯೋಜನೆ ಕನಿಷ್ಠ 30,000 ಡಾಲರ್‌ದಿರಬೇಕು. ಅದು ನಿಮಗೆ ಹೊಂದುವುದಿಲ್ಲ. ಜಿಲ್ಲಾ ಅನುದಾನ ಅಂತ ಚಿಕ್ಕದು ಇದೆ, ಅದನ್ನು ಕೇಳಿ.

ಊರಿನ ದುಡ್ಡು ಚಿಕ್ಕದು, ನಿಜ. ಆದರೆ "ಪಂಚಾಯಿತಿ ಇಷ್ಟು ಕೊಟ್ಟಿದೆ, ಸೊಸೈಟಿ ಇಷ್ಟು ಕೊಟ್ಟಿದೆ, ಉಳಿದದ್ದು ನೀವು ಕೊಡಿ" ಅಂತ ಬರೆದ ಅರ್ಜಿಯ ತೂಕವೇ ಬೇರೆ. ಊರಿನವರೇ ಕೈ ಹಾಕದ ಕೆಲಸಕ್ಕೆ ಹೊರಗಿನವರು ಯಾಕೆ ಕೊಡಬೇಕು, ಅಲ್ವಾ?

ಕಂಪನಿಗಳ ಸಿಎಸ್‌ಆರ್

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಇದಕ್ಕೇ ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆ ಅನ್ನುವುದು. 500 ಕೋಟಿ ನಿವ್ವಳ ಆಸ್ತಿ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ಲಾಭ ಇದ್ದರೆ ಆ ಕಂಪನಿಗೆ ಇದು ಅನ್ವಯ. ಖಾಸಗಿ ಬ್ಯಾಂಕುಗಳೂ ಇದರಲ್ಲಿ ಬರುತ್ತವೆ. ಯಾವ ಕೆಲಸಕ್ಕೆ ಕೊಡಬಹುದು ಅನ್ನುವ ಪಟ್ಟಿ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿದೆ. ಕಾಯಿಲೆ ಬರದಂತೆ ತಡೆಯುವ ಕೆಲಸ, ಶಿಕ್ಷಣ ಎರಡೂ ಅಲ್ಲಿವೆ. ಅರ್ಜಿಯಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ.

ಕಂಪನಿ ಹುಡುಕುವುದು ಹೇಗೆ? ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾವ ಕಂಪನಿ ಯಾವ ರಾಜ್ಯದಲ್ಲಿ, ಯಾವ ಕೆಲಸಕ್ಕೆ ಎಷ್ಟು ಖರ್ಚು ಮಾಡಿದೆ ಅನ್ನುವ ಮಾಹಿತಿ ಯಾರು ಬೇಕಾದರೂ ನೋಡಬಹುದು. ಊರಿನ ಕಾಲೇಜು ಹುಡುಗಿಯೊಬ್ಬಳನ್ನು ಕೂರಿಸಿದರೆ ಒಂದು ಮಧ್ಯಾಹ್ನದಲ್ಲಿ ಪಟ್ಟಿ ಮಾಡುತ್ತಾಳೆ. ನಿಮ್ಮ ಜಿಲ್ಲೆಯಲ್ಲಿ ಆಗಲೇ ಆರೋಗ್ಯಕ್ಕೆ ಖರ್ಚು ಮಾಡುತ್ತಿರುವವರನ್ನು ಮೊದಲು ಕೇಳಿ. ಕಾರ್ಖಾನೆ, ಕಚೇರಿ ಇರುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ.

ಕಾಗದಪತ್ರದ ಮಾತು ಬೇಗ ಹೇಳಿ ಮುಗಿಸುತ್ತೇನೆ. ಸಂಘ ನೋಂದಣಿ ಆಗಿರಬೇಕು, ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ ಇರಬೇಕು, ಆದಾಯ ತೆರಿಗೆ ಇಲಾಖೆಯ 12ಎ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ಕೊಡುವವರಿಗೆ ತೆರಿಗೆ ರಿಯಾಯಿತಿ) ನೋಂದಣಿ ಬೇಕು. ನೀತಿ ಆಯೋಗದ ಎನ್‌ಜಿಒ ದರ್ಪಣ್‌ನಲ್ಲಿ ಹೆಸರು ಹಾಕಿಸಿ, ಅದಕ್ಕೆ ಶುಲ್ಕ ಇಲ್ಲ. 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ಅನ್ನುವ ಫಾರಂ ತುಂಬಿ ನಂಬರ್ ಪಡೆಯದ ಸಂಸ್ಥೆಗೆ ಕಂಪನಿ ಈ ದುಡ್ಡು ಕೊಡುವ ಹಾಗಿಲ್ಲ. ಆ ಫಾರಂಗೆ ಸಿಎ, ಕಂಪನಿ ಸೆಕ್ರೆಟರಿ ಇಲ್ಲವೇ ಕಾಸ್ಟ್ ಅಕೌಂಟೆಂಟ್ ಸಹಿ ಬೇಕು. ಜೊತೆಗೆ ಇದೇ ಬಗೆಯ ಕೆಲಸ ಮಾಡಿದ ಮೂರು ವರ್ಷದ ಅನುಭವ ಕೇಳುತ್ತಾರೆ. ನೋಂದಣಿಗಳಿಗೆ ಅವಧಿ ಇರುತ್ತದೆ, ಮುಗಿಯುವ ತಾರೀಕನ್ನು ಸಂಘದ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ವಿದೇಶದ ದುಡ್ಡಿಗೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಬೇಕು. ಅಮೆರಿಕದಲ್ಲಿರುವ ಊರಿನ ಹುಡುಗರು ಅಲ್ಲಿಯ ಸಂಸ್ಥೆಯಿಂದ ದುಡ್ಡು ಕಳಿಸುತ್ತೇವೆ ಅಂದರೂ ಆ ಅನುಮತಿ ಇಲ್ಲದೆ ಒಂದು ಪೈಸೆ ಖಾತೆಗೆ ಹಾಕಿಸಿಕೊಳ್ಳಬೇಡಿ.

ಇಷ್ಟೆಲ್ಲ ಇಲ್ಲದ ಹೊಸ ಮಹಿಳಾ ಮಂಡಲ ಏನು ಮಾಡಬೇಕು? ಇವೆಲ್ಲ ಇರುವ ಹಳೆಯ ಸಂಸ್ಥೆಯ ಜೊತೆ ಸೇರಿ ಅರ್ಜಿ ಹಾಕಿ. ದುಡ್ಡು ಅವರ ಖಾತೆಗೆ, ಕೆಲಸ ನಿಮ್ಮದು. ಯಾರು ಏನು ಮಾಡುವುದು, ಯಾವ ಖರ್ಚಿಗೆ ಯಾರ ಸಹಿ ಅನ್ನುವುದನ್ನು ಛಾಪಾ ಕಾಗದದ ಮೇಲೆ ಮೊದಲೇ ಬರೆದುಕೊಳ್ಳಿ. ಅಕ್ಕ ತಂಗಿಯರ ಹಾಗಿದ್ದವರು ಲೆಕ್ಕದ ವಿಷಯಕ್ಕೆ ಮಾತು ಬಿಟ್ಟಿದ್ದನ್ನು ನೋಡಿದ್ದೇನೆ.

ಇನ್ನೊಂದು ಮುಖ್ಯ ವಿಷಯ. ಓಟ, ಬಹುಮಾನ ವಿತರಣೆ, ಇಂಥ ಒಮ್ಮೆ ಮಾಡಿ ಮುಗಿಸುವ ಕಾರ್ಯಕ್ರಮ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಅಂತ ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸುತ್ತೋಲೆ ಕಳಿಸಿತ್ತು. ಹಾಗಾಗಿ "ಡಾಕ್ಟರ್ ಕರೆಸಿ ಒಂದು ದಿನ ಭಾಷಣ" ಅನ್ನುವ ಅರ್ಜಿ ಬೇಡ. ವರ್ಷದ ಕೆಲಸವಾಗಿ ಬರೆಯಿರಿ: ಮೊದಲು ಸಮೀಕ್ಷೆ, ಆಮೇಲೆ ಸಭೆ, ಶಾಲೆ, ಮರುಭೇಟಿ, ಕೊನೆಗೆ ಮತ್ತೆ ಸಮೀಕ್ಷೆ. ಕಂಪನಿಗಳ ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು. ಅವರ ವಾರ್ಷಿಕ ಯೋಜನೆಗೆ ಸೇರಬೇಕಾದರೆ ಚಳಿಗಾಲದಲ್ಲೇ ನಿಮ್ಮ ಅರ್ಜಿ ಅವರ ಮೇಜಿನ ಮೇಲಿರಬೇಕು. ಹಾಗೆ ಮಾಡಿದರೆ ಮಳೆ ಶುರುವಾಗುವ ಮೊದಲು ದುಡ್ಡು ಬರುವ ಆಸೆ ಇಟ್ಟುಕೊಳ್ಳಬಹುದು. ಹಾವಿನ ತಿಳಿವಳಿಕೆ ಬೇಕಾಗಿರುವುದೇ ಮಳೆಗೆ ಮುಂಚೆ.

ಬಜೆಟ್ ಪುಟ

ಕೊಡುವವರು ಮೊದಲು ತೆಗೆದು ನೋಡುವ ಪುಟ ಇದು. ನಾನು ಬರೆಸುವ ಒಂದು ಮಾದರಿ ಹೇಳುತ್ತೇನೆ. ದರ ನಿಮ್ಮ ಊರಿಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.

ಮೂರು ಪಂಚಾಯಿತಿ, 24 ಊರು, 6 ಶಾಲೆ. ಅಂದರೆ 30 ದಿನದ ಕಾರ್ಯಕ್ರಮ. ತರಬೇತಿ ಕೊಡುವ ಇಬ್ಬರಿಗೆ ದಿನಕ್ಕೆ ತಲಾ 800 ರೂಪಾಯಿ ಗೌರವಧನ, ಒಟ್ಟು 48,000. ಓಡಾಟಕ್ಕೆ ದಿನಕ್ಕೆ 600, ಒಟ್ಟು 18,000. ಊರಿನ ಸಭೆಗೆ 40 ಜನ ಅಂತ ಹಿಡಿದು ಚಹಾ ತಿಂಡಿಗೆ ತಲಾ 25 ರೂಪಾಯಿ, 24 ಸಭೆಗೆ 24,000. ಬಡ ಮನೆಗಳಿಗೆ 600 ಟಾರ್ಚ್, 180ರ ಲೆಕ್ಕದಲ್ಲಿ 1,08,000. ತೋಟದ ಕೆಲಸದವರಿಗೆ 100 ಜೊತೆ ಗಂಬೂಟು, 450ರಂತೆ 45,000. ಊರಿಗೊಂದು ಗೋಡೆ ಬರಹ, 1,200ರಂತೆ 28,800. ಮೂರು ತಿಂಗಳ ಮೇಲೆ ಊರಿಗೊಂದು ಮರುಭೇಟಿ, 700ರಂತೆ 16,800. ಮುದ್ರಣ 12,000, ಆಡಿಟ್ 10,000. ಒಟ್ಟು 3,10,600.

ಇದರಲ್ಲಿ ಯಾವುದಕ್ಕೆ ಕತ್ತರಿ ಬೀಳುತ್ತದೆ ಅಂತ ಹೇಳುತ್ತೇನೆ ಕೇಳಿ. ಗೌರವಧನಕ್ಕೆ, ಮರುಭೇಟಿಗೆ. ಟಾರ್ಚ್ ಹಂಚುವ ಫೋಟೊ ಎಲ್ಲರಿಗೂ ಬೇಕು. ಊರಿನ ಹೆಣ್ಣುಮಗಳು ಒಂದು ದಿನದ ಕೂಲಿ ಬಿಟ್ಟು ಬಂದು ಕಲಿಸುತ್ತಾಳೆ ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕಂಪನಿಯವರು ಪೋಸ್ಟರ್‌ಗೆ ಎಷ್ಟು ಬೇಕಾದರೂ ಕೊಡುತ್ತೇವೆ, ಜನರ ಗೌರವಧನಕ್ಕೆ ಕೊಡುವುದಿಲ್ಲ, ಅದು ಆಡಳಿತ ವೆಚ್ಚ, ಶೇ 5 ಮೀರಬಾರದು ಅಂದರು. ಆ ಶೇ 5ರ ಮಿತಿ ಇರುವುದು ಕಂಪನಿಯು ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡಿಕೊಳ್ಳುವ ಆಡಳಿತ ವೆಚ್ಚಕ್ಕೆ. ಕಲಿಸುವವರ ಗೌರವಧನ ಯೋಜನೆಯ ಖರ್ಚು. ಬಜೆಟ್‌ನಲ್ಲಿ ಅದನ್ನು 'ತರಬೇತಿ' ಅನ್ನುವ ತಲೆಬರಹದ ಕೆಳಗೆ ಬರೆಯಿರಿ. ಕೇಳಿದರೆ ವಿನಯವಾಗಿ, ಗಟ್ಟಿಯಾಗಿ ಉತ್ತರ ಕೊಡಿ. ಟಾರ್ಚ್ 600ರ ಬದಲು 400 ಆಗಲಿ, ಮರುಭೇಟಿ ಬಿಡಬೇಡಿ. ಒಮ್ಮೆ ಕೇಳಿದ್ದನ್ನು ಜನ ಮರೆಯುತ್ತಾರೆ, ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಿದರೆ ಕೈಗೆ ಹತ್ತುತ್ತದೆ.

ಏನು ಕಲಿಸುತ್ತೀರಿ ಅನ್ನುವುದನ್ನೂ ಅರ್ಜಿಯಲ್ಲಿ ತೋರಿಸಿ

ಭಾಷಣ ಅಂತ ಬರೆಯಬೇಡಿ. ಸಭೆಯಲ್ಲಿ ನಡೆಯುವುದನ್ನು ಹಾಗೇ ಬರೆಯಿರಿ. ನಾವು ಮಾಡುವುದು ಹೀಗೆ. ಸಭೆಯಲ್ಲಿದ್ದ ಒಬ್ಬ ಹುಡುಗನನ್ನು ಜಗಲಿ ಮೇಲೆ ಮಲಗಿಸುತ್ತೇವೆ. ಕಾಲಿಗೆ ಹಾವು ಕಚ್ಚಿದೆ ಅಂದುಕೊಳ್ಳಿ. ಬಿದ್ದ ಅಡಿಕೆ ಹಾಳೆ ಒಂದನ್ನು ತಂದು ಕಾಲಿನ ಅಡಿಗೆ ಇಡುತ್ತೇವೆ. ಅದು ತಾನಾಗಿ ಕಾಲಿನ ಸುತ್ತ ಮಡಚಿಕೊಳ್ಳುತ್ತದೆ. ಹಳೆಯ ಸೀರೆಯ ಪಟ್ಟಿಯಿಂದ ಮೂರು ಕಡೆ ಸಡಿಲವಾಗಿ ಕಟ್ಟುತ್ತೇವೆ, ಕಟ್ಟಿನ ಕೆಳಗೆ ಬೆರಳು ಆಡಬೇಕು. ಉಂಗುರ, ಕಾಲ್ಗೆಜ್ಜೆ ಬಿಚ್ಚಿಸುತ್ತೇವೆ. ನಾಲ್ಕು ಜನ ಎತ್ತಿ ರಸ್ತೆವರೆಗೆ ತರಬೇಕು, ಹುಡುಗ ಒಂದು ಹೆಜ್ಜೆಯೂ ನಡೆಯಬಾರದು. ಇನ್ನೊಬ್ಬರು 108ಕ್ಕೆ ಫೋನ್ ಮಾಡುವ ಹಾಗೆ ನಟಿಸಿ ಊರಿನ ಗುರುತು ಹೇಳುತ್ತಾರೆ. ನೆಟ್‌ವರ್ಕ್ ಸಿಗದ ಊರಿನಲ್ಲಿ ಯಾರ ಜೀಪು, ಯಾರ ಆಟೊ, ರಾತ್ರಿ ಯಾರ ಮನೆ ಬಾಗಿಲು ತಟ್ಟುವುದು ಅನ್ನುವುದನ್ನು ಆ ಸಭೆಯಲ್ಲೇ ತೀರ್ಮಾನ ಮಾಡಿ ಗೋಡೆ ಮೇಲೆ ಬರೆಸುತ್ತೇವೆ. ಗೋಡೆ ಬರಹಕ್ಕೆ ದುಡ್ಡು ಕೇಳಿದ್ದು ಅದಕ್ಕೇ.

ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು, ಹಾವನ್ನು ಹಿಡಿಯಲು ಹೋಗಬಾರದು. ಇಷ್ಟನ್ನು ಎಲ್ಲರ ಬಾಯಲ್ಲೂ ಹೇಳಿಸಿ. ಔಷಧಿಯ ಬಗ್ಗೆಯೂ ನಿಜವನ್ನೇ ಹೇಳಿ. ನಮ್ಮಲ್ಲಿ ಸಿಗುವ ವಿಷನಿರೋಧಕ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಮಲೆನಾಡಿನ ತೋಟದಲ್ಲಿ ಸಿಗುವ ಕೆಲವು ಚಿಕ್ಕ ಮಂಡಲದ ಹಾವುಗಳ ವಿಷಕ್ಕೆ ಅದು ನಾಟುವುದಿಲ್ಲ. ಆಗಲೂ ಜೀವ ಉಳಿಸುವ ಚಿಕಿತ್ಸೆ ಇರುವುದು ಆಸ್ಪತ್ರೆಯಲ್ಲೇ. ನಿಮ್ಮ ಕರಪತ್ರವನ್ನು ಅಚ್ಚಿಗೆ ಕೊಡುವ ಮೊದಲು ಪಿಎಚ್‌ಸಿ ವೈದ್ಯರಿಗೆ ಓದಲು ಕೊಟ್ಟು ಸಹಿ ಹಾಕಿಸಿಕೊಳ್ಳಿ. ಆ ಸಹಿಯ ಪ್ರತಿ ಅರ್ಜಿಯ ಜೊತೆ ಇರಲಿ.

ನಾಟಿ ಪಂಡಿತರನ್ನು ಮೊದಲ ಸಭೆಗೇ ಕರೆಯಿರಿ, ಮುಂದೆ ಕೂರಿಸಿ. ಅವರನ್ನು ಬೈದು ನಡೆಸಿದ ಕಾರ್ಯಕ್ರಮ ಯಾವ ಊರಲ್ಲೂ ನಿಲ್ಲುವುದಿಲ್ಲ, ಯಾಕೆಂದರೆ ರಾತ್ರಿ ಎರಡಕ್ಕೆ ಜನ ಹೋಗುವುದು ಅವರ ಮನೆಗೇ. "ಬಂದವರನ್ನು ತಡಮಾಡದೆ ಆಸ್ಪತ್ರೆಗೆ ಕಳಿಸಿಕೊಡಿ, ನೀವು ಹೇಳಿದರೆ ಕೇಳ್ತಾರೆ" ಅಂತ ಊರಿನ ಮುಂದೆ ಕೇಳಿಕೊಂಡರೆ ಇಲ್ಲ ಅನ್ನುವವರು ಕಡಿಮೆ. ನಾಗರಕಟ್ಟೆಗೆ ಹಾಲೆರೆಯುವ ಹರಕೆ ಬೇಡ ಅನ್ನಲೂಬೇಡಿ. ಆಸ್ಪತ್ರೆಯಿಂದ ಬಂದ ಮೇಲೆ ಎರೆಯಲಿ.

ದುಡ್ಡು ಬಂದ ಮೇಲೆ

ಈ ಅನುದಾನಕ್ಕೆ ಬೇರೆ ನಗದು ಪುಸ್ತಕ ಇಡಿ. ಎರಡು ಜನರ ಸಹಿ ಇಲ್ಲದೆ ಚೆಕ್ ಬೇಡ. ಚಹಾ ಅಂಗಡಿಯವನಿಂದಲೂ ರಸೀದಿ ಬರೆಸಿಕೊಳ್ಳಿ. ಟಾರ್ಚ್ ಪಡೆದವರ ಸಹಿ ಇಲ್ಲವೇ ಹೆಬ್ಬೆಟ್ಟು ಇರುವ ಪಟ್ಟಿ ಇರಲಿ. ಹೆಚ್ಚಿನವರು ದುಡ್ಡನ್ನು ಕಂತಿನಲ್ಲಿ ಕೊಡುತ್ತಾರೆ. ಮೊದಲ ಕಂತಿನ ಹಣ ಬಳಕೆ ಪ್ರಮಾಣಪತ್ರ ಕೊಡದೆ ಎರಡನೆಯದು ಬರುವುದಿಲ್ಲ. ಒಂದು ಖರ್ಚು ಕಡಿಮೆಯಾಗಿ ಇನ್ನೊಂದಕ್ಕೆ ಬೇಕಾದರೆ ಸುಮ್ನೆ ಬದಲಾಯಿಸಬೇಡಿ. ಮೊದಲು ಇಮೇಲ್ ಹಾಕಿ ಒಪ್ಪಿಗೆ ಪಡೆಯಿರಿ, ಆ ಇಮೇಲನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿ.

ವರದಿಯಲ್ಲಿ ಎಷ್ಟು ಸಭೆ, ಎಷ್ಟು ಜನ ಅನ್ನುವುದು ಒಂದು ಸಾಲು ಸಾಕು. ಅವರಿಗೆ ತೋರಿಸಬೇಕಾದದ್ದು ಬೇರೆ. ಮೊದಲು ಕೇಳಿದ ಆ ಐದು ಪ್ರಶ್ನೆಯನ್ನು ವರ್ಷದ ಕೊನೆಗೆ ಅದೇ ಮನೆಗಳಲ್ಲಿ ಮತ್ತೆ ಕೇಳಿ, ಎರಡನ್ನೂ ಪಕ್ಕಪಕ್ಕ ಬರೆಯಿರಿ. ಆ ವರ್ಷ ಯಾರಿಗಾದರೂ ಹಾವು ಕಚ್ಚಿದ್ದರೆ ಎಷ್ಟು ಹೊತ್ತಿನಲ್ಲಿ ಆಸ್ಪತ್ರೆ ಸೇರಿದರು, ಯಾರ ಗಾಡಿಯಲ್ಲಿ ಹೋದರು ಅನ್ನುವುದನ್ನು ಹೆಸರು ಹಾಕದೆ ಬರೆಯಿರಿ. ತಡವಾಗಿ ಹೋಗಿ ಜೀವ ಹೋಗಿದ್ದರೆ ಅದನ್ನೂ ಮುಚ್ಚಿಡದೆ, ತಡ ಆಗಿದ್ದು ಎಲ್ಲಿ ಅಂತ ಸೇರಿಸಿ. ರಸ್ತೆಯದ್ದಾ, ಗಾಡಿಯದ್ದಾ, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇರಲಿಲ್ಲವಾ? ಎರಡನೇ ವರ್ಷದ ಅರ್ಜಿಗೆ ಮೊದಲ ಪುಟ ಅದೇ. ಅದರ ಒಂದು ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ, ಒಂದನ್ನು ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.